ಸೆಕೆಂಡ್ ಹ್ಯಾಂಡ್

ಗೋಣಿಕೊಪ್ಪದ ಬೈಪಾಸಿನಲ್ಲಿ ಕೊಂಡ ಕಾರು.
ಬೂದಿ ಬಣ್ಣ. ಓಡಿದ್ದು ಮೂವತ್ತೊಂದು ಸಾವಿರ.
ಮಾರಿದ ಶಂಸೀರ್ ಎರಡು ಕೀಲಿ ಕೊಟ್ಟ,
ಆರ್‌ಸಿ ಕೊಟ್ಟ, ಸ್ಟೆಪ್ನಿ ಬಡಿದು ತೋರಿಸಿದ.
ಒಳಗೆ ಯಾರೋ ಇದ್ದಾರೆ ಅಂತ ಹೇಳಲಿಲ್ಲ.

ನಾನು ಹಂದಿ ಡಾಕ್ಟರು.
ದನ, ನಾಯಿ, ಒಮ್ಮೆ ಒಂದು ಗಿಳಿಯನ್ನೂ ನೋಡಿದ್ದುಂಟು,
ಆದರೂ ಈ ಕಡೆ ಎಲ್ಲರೂ ಕರೆಯುವುದು ಹಾಗೇ.
ಬಾಳೆಲೆಯಲ್ಲಿ ಹಂದಿಯೊಂದು ಮರಿ ಹಾಕಲಾರದೆ ನರಳಿದರೆ
ನಡುರಾತ್ರಿಯಾದರೂ ಹೊರಡಬೇಕು,
ಹಿಂದಿನ ಸೀಟಲ್ಲಿ ಗಂಬೂಟು, ಮೊಣಕೈವರೆಗೆ ಸೋಪಿನ ವಾಸನೆ.

ಮೊದಲ ವಾರವೇ ಕಾರು ನನ್ನ ಕೈ ತಿದ್ದಿತು.
ಗೀಟೇ ಇಲ್ಲದ ರಸ್ತೆಯಲ್ಲಿ ಗೀಟು ಹುಡುಕಿ
ಸ್ಟೇರಿಂಗನ್ನು ತನ್ನ ಕಡೆ ಎಳೆದುಕೊಂಡಿತು,
ಗುಂಡಿ ತಪ್ಪಿಸಿದ್ದಕ್ಕೆ ಬೀಪ್ ಎಂದು ಗದರಿತು.
ಪರದೆಯ ಮೇಲೆ ಕಾಫಿ ಲೋಟದ ಚಿತ್ರ:
ನಿಮಗೆ ದಣಿವಾಗಿದೆ.
ಕೊಡಗಿನಲ್ಲಿ, ನನಗೆ, ಕಾಫಿ ಕುಡಿ ಅಂತ!

ಆಮೇಲೊಂದು ದಿನ ‘ಮನೆ’ ಎಂಬುದನ್ನು ಒತ್ತಿದೆ.
ಎಡಕ್ಕೆ ತಿರುಗಿ ಅಂದಿತು. ನನ್ನ ಮನೆ ಬಲಕ್ಕೆ.
ಎಡಕ್ಕೆ ಹೋಗಿದ್ದರೆ ವಿರಾಜಪೇಟೆ, ಕಡಂಗ, ಕಕ್ಕಬ್ಬೆ,
ಯಾರದೋ ಗೇಟು.
ಹಳೆಯ ದಾರಿಗಳ ಪಟ್ಟಿ ಹಾಗೇ ಉಳಿದಿತ್ತು:
ಮೈಸೂರು, ಆಸ್ಪತ್ರೆ, ಮಂಗಳವಾರ.
ಮೈಸೂರು, ಆಸ್ಪತ್ರೆ, ಮಂಗಳವಾರ.
ಹನ್ನೊಂದು ಸಲ.
ಆಮೇಲೆ ಒಂದೇ ಸಲ ಭಾಗಮಂಡಲ.
ಆಮೇಲೆ ಶಂಸೀರನ ಅಂಗಡಿ.

ಓದಬಾರದಿತ್ತು. ಊರವರ ಕಾಗದ ಒಡೆದು ಓದಿದ
ಅಂಚೆಯವನ ಹಾಗೆ ಕಿವಿ ಬಿಸಿಯಾಯಿತು.
ಅಳಿಸಲೂ ಇಲ್ಲ.

ಫೆಬ್ರವರಿಯ ಒಂದು ರಾತ್ರಿ, ತಿತಿಮತಿಯ ಈಚೆ,
ರಸ್ತೆಗೆ ಅಡ್ಡ ಒಂದು ಸಲಗ.
ಇಲ್ಲಿ ಮಕ್ಕಳಿಗೂ ಗೊತ್ತು: ಇಂಜಿನ್ ಆರಿಸು,
ದೀಪ ಆರಿಸು, ಉಸಿರು ಸಣ್ಣಗೆ ಬಿಡು.
ಆರಿಸಿದೆ. ಬಿಟ್ಟೆ.
ಆಗ ಕಾರು ತಾನಾಗಿಯೇ ಕಣ್ಣು ತೆರೆಯಿತು.
ನಾಲ್ಕೂ ದೀಪ ಪಕಪಕ, ಹಾರ್ನು ಎರಡು ಸಲ.
ನಾನು ಏನನ್ನೂ ಮುಟ್ಟಿರಲಿಲ್ಲ.
ಸಲಗ ಕಿವಿ ಅಗಲಿಸಿತು, ನಿಂತಿತು, ಯೋಚಿಸಿತು.
ಅದರದು ದೊಡ್ಡ ಮನಸ್ಸು; ಲಂಟಾನದೊಳಗೆ ಇಳಿದು ಹೋಯಿತು.

ಬೆಳಿಗ್ಗೆ ಶಂಸೀರನಿಂದ ಹಳೇ ಯಜಮಾನನ ನಂಬರು ಕಿತ್ತುಕೊಂಡು
ಫೋನ್ ಹಚ್ಚಿದೆ, ಬೈಯಲೆಂದೇ.
“ನಾನೇ ಒತ್ತಿದ್ದು,” ಅಂದರು ಉತ್ತಯ್ಯ ಮಾಸ್ತರು,
“‘ಕಾರು ಹುಡುಕು’ ಅಂತ ಇದೆ ಫೋನಿನಲ್ಲಿ.
ಬೊಳ್ಳಮ್ಮ ಹೋದ ಮೇಲೆ ಅದನ್ನು ತೆಗೆಯಲಿಲ್ಲ.
ಓಡಿಸುತ್ತಿದ್ದವಳು ಅವಳೇ. ನನಗೆ ಬರುವುದಿಲ್ಲ.
ರಾತ್ರಿ ಒಂದು ಚುಕ್ಕೆ ಹೋಗ್ತಾ ಇರುತ್ತೆ,
ಬಾಳೆಲೆ, ಶ್ರೀಮಂಗಲ, ಕುಟ್ಟ...
ನೋಡ್ತಾ ನೋಡ್ತಾ ನಿದ್ದೆ ಬರುತ್ತೆ.
ನಿನ್ನೆ ಕಾಡಿನ ನಡುವೆ ನಿಂತೇ ಬಿಟ್ಟಿತು. ಗಾಬರಿಯಾಯ್ತು.”

ಏನಂತ ಬೈಯಲಿ?
ಆದರೂ ಕುತ್ತಿಗೆಯ ಹಿಂದೆ ಏನೋ ಹರಿದಾಡಿತು.
ಬುಧವಾರ ಬುಧವಾರ ಕುಂದ ಬೆಟ್ಟದ ಬುಡದಲ್ಲಿ
ಯಾರಿಗೂ ಹೇಳದೆ ನಾನು ಅರ್ಧ ಗಂಟೆ ನಿಲ್ಲಿಸುವುದು,
ಅದನ್ನೂ ನೋಡಿದ್ದಾರೆ. ಕೇಳಲಿಲ್ಲ,
ನಾನು ಭಾಗಮಂಡಲ ಕೇಳದ ಹಾಗೆ.
ನಾವಿಬ್ಬರೇ ಆಗಿದ್ದರೆ ಹೇಗೋ ಸೈರಿಸಬಹುದಿತ್ತು.
ಮೂರನೆಯವನೊಬ್ಬ ಇದ್ದಾನಲ್ಲ, ಕಂಪೆನಿ,
ಅವನಿಗೆ ಹಂದಿ ಗೊತ್ತಿಲ್ಲ, ಆನೆ ಗೊತ್ತಿಲ್ಲ,
ಅವನ ಲೆಕ್ಕದಲ್ಲಿ ನಾನು ‘ರಾತ್ರಿ ಓಡಾಟ, ಜೋರು ಬ್ರೇಕು’.
ವಿಮೆಯ ಕಂತು ಏರಿಸಿದ್ದಾರೆ. ಕಾರಣ ಬರೆದಿಲ್ಲ.

ಮಾಸ್ತರಿಗೆ ಹೇಳಿಯೇ ಅಳಿಸಿದೆ.
ಒಂದು ವಾರ ಬಿಡಿ ಅಂದರು. ಬಿಟ್ಟೆ.
ಆ ವಾರ, ಯಾಕೋ, ಕಡಂಗದ ದಾರಿ ಹಿಡಿದು
ಅವರ ಗೇಟಿನವರೆಗೆ ಹೋಗಿ
ದೀಪ ಆರಿಸದೆ ಸ್ವಲ್ಪ ಹೊತ್ತು ನಿಂತು ಬಂದೆ.

ಈಗ ಖಾಲಿ ಪರದೆ ಕೇಳುತ್ತದೆ: ನಿಮ್ಮ ಮನೆ ಎಲ್ಲಿ?
ಉತ್ತರ ಕೊಡದೆ ಮುಂದೆ ಬಿಡುವುದಿಲ್ಲ.
ಲಕ್ಷ್ಮಣತೀರ್ಥದ ನಡುನೀರಿನಲ್ಲಿ ಬೆರಳಿಟ್ಟೆ.
ಒಪ್ಪಿಕೊಂಡಿತು.
ದಿನಾ ರಾತ್ರಿ ನಮ್ಮ ಅಂಗಳದಲ್ಲಿ ಬಾಗಿಲು ತೆರೆದು
ಗಂಬೂಟು ಕೈಯಲ್ಲಿ ಹಿಡಿದು ಇಳಿಯುವಾಗ
ಹಿಂದಿನಿಂದ ಆ ಹೆಣ್ಣು ದನಿ:
ಮನೆ ತಲುಪಲು ಇನ್ನೂ ಒಂಬತ್ತು ಕಿಲೋಮೀಟರ್.