ತಪ್ಪಕ್ಷರ

ಗ್ರೈಫ್ಸ್‌ವಾಲ್ಡಿನಲ್ಲಿ ಮಾರ್ಚ್. ಕೊಲ್ಲಿಯ ಹಿಮ ಇನ್ನೂ ಬಿರಿಯುತ್ತಿದೆ.
ಬಿಸಿನೀರ ತೊಟ್ಟಿಯ ಎದುರು ವೀಬ್ಕೆ, ಕಣ್ಣು ಗಡಿಯಾರದ ಮೇಲೆ:
ನಲವತ್ತೆರಡು ಡಿಗ್ರಿ, ಹದಿನೈದೇ ನಿಮಿಷ,
ಆಮೇಲೆ ಐಸು.

ಸೀಸೆಯಲ್ಲಿ ಕುಲುಕುವ ಕೋಟಿ ಬ್ಯಾಕ್ಟೀರಿಯಾ,
ಒಂದೊಂದರ ಮಡಿಲಲ್ಲೂ ತನ್ನದಲ್ಲದ ಒಂದು ಗಂಟು:
ಮನುಷ್ಯನ ಕಿವಿಯ ಕತೆ,
ಒಂದು ಲಕ್ಷದ ಎಂಬತ್ತು ಸಾವಿರ ಅಕ್ಷರ.
ಒತ್ತಿಲ್ಲ, ಕೊಂಬಿಲ್ಲ, ದೀರ್ಘವಿಲ್ಲ,
ನಾಲ್ಕನ್ನೇ ತಿರುವಿ ಮುರುವಿ ಬರೆದದ್ದು.
ಕತ್ತರಿಗೆ ಒಗ್ಗದಷ್ಟು ಉದ್ದ;
ಹೊರಗೆ ಎಳೆದರೆ ಹರಿದೇ ಹೋಗುತ್ತದೆ.
ಅದಕ್ಕೇ ಬರೆಯುವ ಕೆಲಸ ಹೊತ್ತವರಿಗೇ ಬಿಟ್ಟದ್ದು.

ಬಿಸಿ ತಾಗಿದ್ದೇ ತಡ,
ಹಳೆಯ ವೈರಿ ವೈರಸ್ಸಿನಿಂದ ಕಡ ತಂದ ಮೂವರು ಏಳುತ್ತಾರೆ:
ಒಬ್ಬ ತುದಿ ಮೆಲ್ಲುವವನು,
ಒಬ್ಬ ಒಂಟಿ ಎಳೆಯ ಕೈಹಿಡಿದು ಜೋಡಿಯ ಮನೆಗೆ ಒಯ್ಯುವವನು,
ಇನ್ನೊಬ್ಬ ಕಾವಲುನಾಯಿಯ ಬಾಯಿ ಕಟ್ಟುವವನು.
ಆಮೇಲೆ ಸಾವಿರದೆಂಟುನೂರು ವೋಲ್ಟಿನ ಒಂದು ಮಿಂಚು.
ಟಪ್ಪೆಂದರೆ ಉಪ್ಪು ಉಳಿದಿತ್ತು, ವಾರದ ಕೆಲಸ ನೀರುಪಾಲು.
ಇವತ್ತು ಟಪ್ಪೆನ್ನಲಿಲ್ಲ.

ರಾತ್ರಿ ಊಟಕ್ಕೆ ಡೆಟ್ಲೆಫ್,
ಮೂವತ್ತು ವರ್ಷ ಪತ್ರಿಕೆಯ ಕರಡು ತಿದ್ದಿ ನಿವೃತ್ತನಾದವನು:
"ಜನ್ಮವೆಲ್ಲ ನಾನು ತಪ್ಪು ಹೆಕ್ಕಿದೆ.
ನಿನಗೆ ಒಂದು ತಪ್ಪು ನೆಡಲು ಎರಡು ತಿಂಗಳು!"
ಸೂಪಿಗೆ ಬ್ರೆಡ್ಡು ಅದ್ದುತ್ತಾ ಅವಳು:
"ಗಾಯದ ಗುರುತೂ ಇರಬಾರದು, ಗೊತ್ತಾ?
ರ್‍ಯೂಗನ್ ದ್ವೀಪದಲ್ಲಿ ಒಂದೇ ಮನೆಯ ಮೂರು ಮಕ್ಕಳು
ಹುಟ್ಟಿದಾಗಿಂದ ಕಡಲು ಕೇಳಿಲ್ಲ.
ಈ ಅಕ್ಷರವೋ ಪಕ್ಕದ್ದೋ, ತಿಳಿಯಬೇಕು."
ಅವನು ಉಪ್ಪಿನ ಡಬ್ಬಿ ಅವಳತ್ತ ಸರಿಸಿದ.

ಮೊದಲ ಸುತ್ತಿನಲ್ಲಿ ಆ ಜಾಗಕ್ಕೆ
ಒಂದು ಬಾಡಿಗೆ ಜೀನ್ ಕೂರಿಸಿದ್ದಳು.
ಈಗ ತಟ್ಟೆಗೆ ವಿಷದ ಸಕ್ಕರೆ:
ಬಾಡಿಗೆಯವನನ್ನು ಇಟ್ಟುಕೊಂಡವು ಸಾಯಬೇಕು,
ಹೊರಹಾಕಿ ತಪ್ಪಕ್ಷರ ಒಳಗೆ ಕರೆದವು ಉಳಿಯಬೇಕು.
ಉಳಿದದ್ದು ಹನ್ನೆರಡು.
ಅದರಲ್ಲಿ ಹನ್ನೊಂದು ಕಳ್ಳ:
ಅಕ್ಷರವನ್ನು ಮುಟ್ಟದೆ, ಪುಟಗಟ್ಟಲೆ ಹರಿದೆಸೆದು
ಜೀವ ಉಳಿಸಿಕೊಂಡವು.
ಅವಳಿಗೆ ಸಿಟ್ಟು ಬರಲಿಲ್ಲ. ಯಾರಾದರೂ ಅಷ್ಟೇ ಮಾಡುತ್ತಿದ್ದರು.

ಹನ್ನೆರಡನೆಯದರ ಓದು ಬಂದ ದಿನ
ಹಾಳೆ ಮನೆಗೆ ತಂದಳು. ನಾಲ್ಕು ಬಣ್ಣದ ಅಲೆ, ಸಾಲುಸಾಲು ಅಕ್ಷರ,
ಪಕ್ಕದಲ್ಲಿ ಮೂಲ ಪ್ರತಿ.
ಡೆಟ್ಲೆಫ್ ಕನ್ನಡಕ ಹುಡುಕಿದ.
ಅವಳು ತೋರಿಸುವ ಮೊದಲೇ ಕೆಂಪು ಪೆನ್ಸಿಲ್ಲು
ತಾನಾಗಿ ಇಳಿದು ಸುತ್ತು ಹಾಕಿತು,
ಅಭ್ಯಾಸಬಲ.

ಪೆನ್ಸಿಲ್ಲು ಅಲ್ಲೇ ತಡೆಯಿತು.
ಆಮೇಲೆ ಅಕ್ಷರದ ಕೆಳಗೆ ಚುಕ್ಕಿ ಇಟ್ಟು
ಅಂಚಿನಲ್ಲಿ, ಅಚ್ಚುಮನೆಯ ಹಳೆಯ ಕೈಬರಹದಲ್ಲಿ,
ಬರೆದ:
ಇರಲಿ.