ಕಾಚಂಪುಳಿ ಬಾಟಲಿಯ ಪಕ್ಕ

ಹನ್ನೊಂದು ವರ್ಷ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೇರೆಯವರ ಕಾಫಿಗೆ ಚೀಟಿ ಬರೆದಿದ್ದೇನೆ.
ಇಷ್ಟು ಮೂಟೆ ಚೆರ್ರಿ, ಇಷ್ಟು ಪಾರ್ಚ್‌ಮೆಂಟ್,
ತೇವ ಇಷ್ಟು, ಸಹಿ, ಸೀಲು.
ಚೀಟಿ ಹಿಡಿದು ಹೋಗುವವರ ಮುಖ ನನಗೆ ಗೊತ್ತು:
ಮಾಲು ತಮ್ಮದೇ, ಆದರೂ
ಗೇಟು ದಾಟುವಾಗ ಒಮ್ಮೆ ತಿರುಗಿ ನೋಡುತ್ತಾರೆ.

ನನ್ನ ಮಾಲಿಗೆ ಚೀಟಿಯೂ ಇರಲಿಲ್ಲ.
ಹತ್ತು ವರ್ಷದ ಬುಕ್‌ಮಾರ್ಕು, ಪಾಸ್‌ವರ್ಡು,
ರಾತ್ರಿ ಎರಡಕ್ಕೆ ಹುಡುಕಿದ ಗಂಟಲುನೋವಿನ ಕಾರಣಗಳು,
ಕೊಳ್ಳದೆ ಬಿಟ್ಟ ಸೀರೆ,
ಎಲ್ಲ ಯಾವ ಸಮುದ್ರದಾಚೆಯ ಯಾವ ಗೋದಾಮಿನಲ್ಲೋ.
ಗೇಟೇ ಇಲ್ಲ, ತಿರುಗಿ ನೋಡುವುದೆಲ್ಲಿಗೆ?

ಸುಂಟಿಕೊಪ್ಪದ ಹಂಸಾಕನ ಅಂಗಡಿಯಲ್ಲಿ
ಪರದೆ ಒಡೆದ ಲ್ಯಾಪ್‌ಟಾಪು, ಎರಡು ಸಾವಿರದ ಮುನ್ನೂರು.
‘ಇದಕ್ಕೆ ಕಣ್ಣಿಲ್ಲ’ ಎಂದ.
ಕಣ್ಣು ಬೇಡದ ಕೆಲಸಕ್ಕೇ, ಎಂದೆ.

ಅಡುಗೆಮನೆಯ ಮೇಲ್ಹಲಗೆ, ಕಾಚಂಪುಳಿ ಬಾಟಲಿಯ ಪಕ್ಕ;
ಇನ್ವರ್ಟರಿನ ವಯರು ತಲುಪುವುದು ಅಲ್ಲಿಗೇ.
‘ಎಂತ ಅದು?’ ಮಾಯಿ ಕೇಳಿದರು, ನನ್ನ ಅತ್ತೆ.
‘ನಾವು ನೋಡಿದ್ದನ್ನೆಲ್ಲ ಇಟ್ಟುಕೊಳ್ಳುತ್ತದೆ, ಮಾಯಿ.’
‘ಅದೂ ನೋಡುತ್ತದೋ?’
‘ಇಲ್ಲ. ಇಡುತ್ತದೆ, ಅಷ್ಟೆ.’
‘ಹಾಗಾದರೆ ಪಕ್ಕದ ಮನೆ ಚೋಂದಮ್ಮನಿಗಿಂತ ವಾಸಿ.’

ಐದು ರಾತ್ರಿ.
ಮೊದಲನೆಯದರಲ್ಲಿ ಸೆಸ್ಕಿನವರು ಕರೆಂಟು ತೆಗೆದರು.
ಎರಡನೆಯದು ಪ್ರಮಾಣಪತ್ರಕ್ಕೆ ಹೋಯಿತು,
ಬ್ರೌಸರು ಕೆಂಪಗಾಗಿ ಕೂಗಿತು: ಈ ತಾಣವನ್ನು ನಂಬಬೇಡಿ.
ನನ್ನದೇ ಮನೆ ಮಾರಾಯ, ನನ್ನದೇ ಮೇಲ್ಹಲಗೆ!
ಆಮೇಲೆ ಆ ಗುಪ್ತ ಸೆಟ್ಟಿಂಗಿನ ಪುಟ,
ಸಾವಿರ ಸಾಲಿನಲ್ಲಿ ಒಂದು ಸಾಲು ಬದಲಿಸಬೇಕು,
ಅವರ ವಿಳಾಸ ಅಳಿಸಿ ನಮ್ಮ ವಿಳಾಸ.
ಬದಲಿಸಿದೆ. ಮೌನ.
ಮತ್ತೆ ಬದಲಿಸಿದೆ. ಮೌನ.
ನಡುವೆ ಎಲ್ಲೋ ಒಂದು ಓರೆಗೆರೆ ಬಿಟ್ಟುಹೋಗಿತ್ತು.
ಒಂದು ಓರೆಗೆರೆಗೆ ಮೂರು ರಾತ್ರಿ.
ಸೊನ್ನೆಯೊಂದು ತಪ್ಪಿದ್ದಕ್ಕೆ ನಾನು ಅಳಿಸಿಬಿಟ್ಟಿದ್ದ
ವರ್ಕ್ಸಿನ ಹುಡುಗ ಕಾಳಪ್ಪ ನೆನಪಾದ.

ಆಮೇಲೆ ಹರಿಯಿತು.
ಪರದೆಯಲ್ಲಿ ಬರೀ ಎಣಿಕೆ:
ನಾನ್ನೂರ ಹದಿನೆರಡು, ಒಂಬತ್ತು ಸಾವಿರದ ಎಷ್ಟೋ,
ಲಾರಿಯಿಂದ ಮೂಟೆ ಇಳಿಸಿದ ಹಾಗೆ.
ಒಳಗೆ ಹೇಗಿದೆ ನೋಡೋಣವೆಂದು ಕಡತ ತೆರೆದರೆ
ತಲೆಬುಡವಿಲ್ಲದ ಅಕ್ಷರ, ಒಂದರ ಮೇಲೊಂದು.
ಕೀಲಿ ಇರುವುದು ಬ್ರೌಸರಿನ ಹತ್ತಿರ, ಪೆಟ್ಟಿಗೆಯ ಹತ್ತಿರ ಅಲ್ಲ;
ಗೋದಾಮಿನ ಒಡತಿಗೇ ಮೂಟೆ ಬಿಚ್ಚಲು ಬಾರದು.
ತುಂಬ ಹೊತ್ತು ನೋಡುತ್ತಾ ಕೂತೆ. ಚೆನ್ನಾಗಿತ್ತು.

ಮರುದಿನ ವೇಬ್ರಿಜ್ಜಿನ ಬಳಿ ಲಾರಿ ಕಾಯುತ್ತಾ
ಫೋನು ತೆರೆದರೆ: ಬೇರೆ ಸಾಧನದ ಟ್ಯಾಬುಗಳು.
ಹಾಲಿನ ಕಂಪ್ಯೂಟರಿನಲ್ಲಿ ಮೂರು.
ಕರೆಂಟು ಬಿಲ್ಲು, ಅದು ನನ್ನದು.
ಮೊಣಕಾಲಿಗೆ ವ್ಯಾಯಾಮ.
ಮತ್ತೆ, ‘ಅರವತ್ತೆಂಟನೇ ವಯಸ್ಸಿನಲ್ಲಿ
ಸ್ಕೂಟರ್ ಕಲಿಯಬಹುದೇ’.

ಸಮುದ್ರದಾಚೆಯವರು ನೋಡಬಾರದೆಂದು ಇಷ್ಟೆಲ್ಲ ಮಾಡಿ
ನೋಡಿದವಳು ನಾನು.
ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಸರಿ,
ಓದಿದ್ದನ್ನು ಅಳಿಸುವ ಗುಂಡಿ ಎಲ್ಲೂ ಇಲ್ಲ.
ಲಾರಿ ಬಂತು. ತೂಕ ಬರೆಯುವಾಗ ಕೈ ತಪ್ಪಿತು,
ಈ ಸಲ ನನ್ನದೇ ಸೊನ್ನೆ.

ಸಂಜೆ ಏನೂ ಹೇಳಲಿಲ್ಲ.
‘ಮಾಯಿ, ನಿಮಗೂ ಒಂದು ಖಾತೆ ಬೇಕು, ಬೇರೆಯೇ.
ಪಾಸ್‌ವರ್ಡು ನೀವೇ ಒತ್ತಿ, ನಾನು ಆಚೆ ಹೋಗುತ್ತೇನೆ.
ಮರೆತರೆ ಮಾತ್ರ ಇಗ್ಗುತಪ್ಪನೂ ತೆಗೆದುಕೊಡಲಾರ.’
ಬಾಗಿಲಾಚೆ ನಿಂತು ಎಣಿಸಿದೆ,
ಹದಿನೇಳು ಸಲ ಟಕ್ಕೆಂದಿತು.
ನನ್ನದು ಬರೀ ಹನ್ನೆರಡು.

ಈಗ ಮೇಲ್ಹಲಗೆಯಲ್ಲಿ ಇಬ್ಬರ ಮೂಟೆ.
ಕೆಲವು ರಾತ್ರಿ ಫ್ಯಾನು ಜೋರಾಗಿ ತಿರುಗುತ್ತದೆ,
ಬಾಟಲಿಯ ಕಪ್ಪು ಹುಳಿ ಸಣ್ಣಗೆ ನಡುಗುತ್ತದೆ,
ಏನೋ ಬಂತು, ಏನೋ ಹೋಯಿತು.
ಯಾರದೆಂದು ನೋಡಲು ಎದ್ದಿಲ್ಲ.

ಇವತ್ತು ಬೆಳಿಗ್ಗೆ ಸ್ಕೂಟರು ಹತ್ತಿದರೆ
ಬಲಗಡೆಯ ಕನ್ನಡಿ
ನನಗಿಂತ ಗಿಡ್ಡದ ಯಾರದೋ ಎತ್ತರಕ್ಕೆ ತಿರುಗಿದೆ.
ಸರಿಮಾಡಲಿಲ್ಲ.
ಗುಡ್ಡೆಹೊಸೂರು ದಾಟುವವರೆಗೂ ಅದರಲ್ಲಿ
ನನ್ನ ಮೊಣಕೈಯೊಂದೇ ಕಾಣುತ್ತಿತ್ತು.