ತಟಸ್ಥ

ಲಾ ಪಾಲ್ಮಾ ದ್ವೀಪ. ಬೆಟ್ಟದ ನೆತ್ತಿ.
ಮೋಡ ಇಲ್ಲಿ ತಲೆಯ ಮೇಲಲ್ಲ, ಕಾಲ ಕೆಳಗೆ,
ಕಡೆಯದೆ ಬಿಟ್ಟ ಮೊಸರಿನ ಹಾಗೆ.
ಗ್ವಾಸಿಮಾರಾ ಗೋಪುರದ ಮುಚ್ಚಳ ತೆರೆಯುತ್ತಾಳೆ.
ಕೈಗವಸು ಮರೆತು ಬಂದಿದ್ದಾಳೆ, ಇವತ್ತೂ.
ಸೂರ್ಯ ಹುಟ್ಟಿ ಅರ್ಧ ಗಂಟೆ.
ನೆಲ ಕಾದು ಗಾಳಿ ಕದಡುವ ಮುಂಚೆ
ಸಿಕ್ಕಷ್ಟು ಹಿಡಿದುಕೊಳ್ಳಬೇಕು;
ತಡಮಾಡಿದರೆ ಮೇಕೆ
ಹಾಲು ಏರಿಸಿಕೊಂಡುಬಿಡುತ್ತದೆ.

ಒಗಟು ಹಳೆಯದು.
ಒಲೆಯಿಂದ ದೂರ ಸರಿದರೆ ಚಳಿಯಾಗಬೇಕು.
ಸೂರ್ಯನ ಮೈ ಆರು ಸಾವಿರ ಡಿಗ್ರಿ;
ಒಂದಿಷ್ಟು ಮೇಲೆ ಹೋದರೆ ನಾಲ್ಕು. ಸರಿ, ನ್ಯಾಯ.
ಇನ್ನೂ ಮೇಲೆ ಹೋಗಿ: ಎಂಟು, ಹತ್ತು ಸಾವಿರ,
ಅದರಾಚೆ ಲಕ್ಷದ ಲೆಕ್ಕ.
ಒಲೆಗಿಂತ ಹೊಗೆಗೂಡು ಬಿಸಿ!
ಯಾರು ಊದುತ್ತಿದ್ದಾರೆ ಅಲ್ಲಿ ಕೂತು,
ಯಾವ ಊದುಕೊಳವೆಯಿಂದ?

ಕಾಂತದ ಎಳೆಗಳಿವೆ ಅಲ್ಲಿ, ಕಾಣದ ಹಗ್ಗ.
ಬುಡದಲ್ಲಿ ಕುದಿ ಕುಲುಕಿದಾಗೆಲ್ಲ ತುದಿಯವರೆಗೆ ನಡುಕ.
ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು
ಹಗ್ಗಕ್ಕೆ ಕೊರಳು ಕೊಟ್ಟದ್ದು,
ಹಗ್ಗ ಹೋದತ್ತ ಅದು.
ಸುತ್ತಲಿನ ಸಂದಣಿಯೇ ಬೇರೆ:
ಏನನ್ನೂ ಕಳೆದುಕೊಳ್ಳದ ಜಲಜನಕ,
ಹೆಚ್ಚಿನ ಪಾಲು ಅವರೇ,
ಹಗ್ಗದ ಗೊಡವೆಯಿಲ್ಲ, ಕಾಂತ ಕರೆದರೆ ಕಿವುಡು.
ನಡುಗುವ ಸಾಲು ಅವರ ನಡುವೆ ನುಗ್ಗುತ್ತದೆ.
ಭುಜಕ್ಕೆ ಭುಜ, ಪಕ್ಕೆಲುಬಿಗೆ ಮೊಣಕೈ.
ಅಲೆಯ ಅಂದ ಮುರಿದು ಬರಿಯ ತಳ್ಳಾಟ.
ಆ ತಳ್ಳಾಟಕ್ಕೆ ನಾವಿಟ್ಟ ಹೆಸರು ಕಾವು.

ಎಲ್ಲ ಕಾವೂ ಇದರಿಂದಲೇ ಎಂದು
ಯಾರೂ ಆಣೆಯಿಡುವುದಿಲ್ಲ.
ಲೆಕ್ಕದಲ್ಲಿ ಇನ್ನೂ ದಶಕ ಉಳಿದಿದೆ.

ಹೋದ ಭಾನುವಾರ, ಚಿಕ್ಕಮ್ಮ ಪ್ರುಡೆನ್ಸಿಯಾಳ ಅಡುಗೆಮನೆ.
ಲಾವಾ ಅಪ್ಪನ ಬಾಳೆತೋಟವನ್ನು ಉಂಡು ಎದ್ದ ಮೇಲೆ
ಉಳಿದದ್ದು ಒಂದು ನೀರಿನ ತೊಟ್ಟಿ,
ಇಬ್ಬರು ತಮ್ಮಂದಿರು.
"ಆ ಕರಿಗಲ್ಲಿನ ಮೇಲೆಯೇ ಕಟ್ಟೋಣ" ಅಂತ ಸಿರಿಲೊ.
"ಬಂದಷ್ಟಕ್ಕೆ ಮಾರೋಣ" ಅಂತ ಫೆರ್ಮಿನ್.
ಇಬ್ಬರನ್ನೂ ಜಗ್ಗುತ್ತಿದ್ದದ್ದು ಒಂದೇ ಹಗ್ಗ, ಸತ್ತ ಅಪ್ಪ.
ಗೋಫಿಯೊ ಹಿಟ್ಟು ಕಲಸುತ್ತ ಗ್ವಾಸಿಮಾರಾ ಅಂದಳು:
"ನಾನು ಯಾರ ಕಡೆಗೂ ಇಲ್ಲ."
ಅಷ್ಟೇ ಅಂದದ್ದು.
ಅಲ್ಲಿಯವರೆಗೆ ಅದು ಮಾತಾಗಿತ್ತು. ಆಮೇಲೆ ಬೆಂಕಿ.
ಬಟ್ಟಲು ಒಡೆಯಿತು. ಸಿರಿಲೊ ಊಟ ಬಿಟ್ಟು ಎದ್ದ.
ಅಪ್ಪನನ್ನು ಹೂಳುವಾಗಲೂ ಅಳದ ಫೆರ್ಮಿನ್
ಹಿಟ್ಟಿನ ಕೈಯನ್ನೇ ಹಿಡಿದು ಅತ್ತ.

ತಟಸ್ಥ ಎಂಬ ಮಾತು ನಮ್ಮಲ್ಲಿ
ದಡದ ಮೇಲೆ ನಿಂತವನಿಗೆ,
ಕಾಲು ಒದ್ದೆಯಾಗದವನಿಗೆ.
ಈ ಪದ ಮಾಡಿದವರು ಹೊಳೆ ನೋಡಿದ್ದರು,
ಸೂರ್ಯನನ್ನು ನೋಡಿರಲಿಲ್ಲ ಇಷ್ಟು ಹತ್ತಿರ.
ಅಲ್ಲಿ ದಡವೇ ಇಲ್ಲ.
ಕಟ್ಟಿಸಿಕೊಳ್ಳದವರೂ ಹೊಳೆಯೊಳಗೇ, ಎದೆಮಟ್ಟ,
ಎಳೆದೊಯ್ಯಲ್ಪಡುವವರಿಗೆ ಅಡ್ಡ ಸಿಕ್ಕು,
ತಾವೂ ಕಾದು, ಅವರನ್ನೂ ಕಾಯಿಸಿ
(ಕಾದು ಎಂದರೆ ಬಿಸಿಯಾಗಿ, ಹೋರಾಡಿ,
ಯಾರೋ ಬರಲೆಂದು ನಿಂತು;
ಮೂರಕ್ಕೂ ನಮಗಿರುವುದು ಒಂದೇ ಪದ)
ಒಂದೊಂದು ಸಲ ಜೊತೆಗೆ ಒಂದಷ್ಟು ದೂರ ತೇಲಿ.

ಪರದೆಯ ಮೇಲೆ ಕೆಂಪು ಅಂಚು.
ಹುಲ್ಲಿನ ಹಾಗೆ ಉರಿಕಡ್ಡಿಗಳು ಏಳುತ್ತವೆ, ಬೀಳುತ್ತವೆ,
ಒಂದೊಂದೂ ಈ ದ್ವೀಪಕ್ಕಿಂತ ಎಷ್ಟೋ ಉದ್ದ,
ಕೆಲವು ನಿಮಿಷದ ಆಯಸ್ಸು.
ಬೆರಳು ಮರಗಟ್ಟಿವೆ. ಅಂಗೈಗೆ ಅಂಗೈ ಉಜ್ಜುತ್ತಾಳೆ,
ಒಂದನ್ನು ಬಿಗಿಹಿಡಿದು, ಇನ್ನೊಂದನ್ನು ಸಡಿಲ ಬಿಟ್ಟು.
ಹತ್ತೂವರೆಗೆ ಫೋನು ಮಿನುಗುತ್ತದೆ. ಫೆರ್ಮಿನ್.
"ಸಿರಿಲೊ ಬಂದಿದ್ದಾನೆ. ತೊಟ್ಟಿಯ ಹತ್ತಿರ ಕೂತಿದ್ದೇವೆ.
ನೀನಿಲ್ಲದೆ ಜಗಳವೂ ಏಳುತ್ತಿಲ್ಲ."

ಅಷ್ಟರಲ್ಲಿ ನೆಲ ಕಾದು
ಬಿಂಬ ಕುದಿಯತೊಡಗಿದೆ.
ದಿನಚರಿಯಲ್ಲಿ ಬರೆಯುತ್ತಾಳೆ:
"೧೦.೪೦. ಗಾಳಿ ಕೆಟ್ಟಿತು. ನಿಲ್ಲಿಸಿದೆ."
ಪೆನ್ನು ಎತ್ತದೆ ಇನ್ನೊಂದು ಸಾಲು, ಯಾರೂ ಕೇಳದ್ದು:
"ಕೈ ಬೆಚ್ಚಗಿದೆ."